ಅಪ್‌ಡೇಟ್: ನಾಝಲ್ ಕೆಳಗೆ ಶಾಖ ಜಾಸ್ತಿ ತೋರಿಸುತ್ತಿದ್ದ ಮಾಡೆಲ್ ಸರಿಹೋಯಿತು

ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಬಿಸಿಗಾಳಿಯ ಜೆಟ್ ಒದ್ದೆ ಹಾಳೆಗೆ ಬಡಿದು ಒಣಗಿಸುವುದನ್ನು ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲ್ ನನ್ನದು. ನಾಝಲ್‌ನ ನೇರ ಕೆಳಗೆ ನುಸೆಲ್ಟ್ ಸಂಖ್ಯೆ (ಗಾಳಿಯಿಂದ ಹಾಳೆಗೆ ಶಾಖ ಎಷ್ಟು ಚೆನ್ನಾಗಿ ಹೋಗುತ್ತದೆ ಅನ್ನುವ ಅಳತೆ) ಪ್ರಯೋಗದಲ್ಲಿ ಅಳೆದದ್ದಕ್ಕಿಂತ ತುಂಬಾ ಜಾಸ್ತಿ ಬರುತ್ತಿದೆ, ಯಾಕೆ ಅಂತ ಕೇಳಿದ್ದೆ.

ಕಾರಣ ನೀವು ಹೇಳಿದ್ದೇ. ಗಾಳಿ ಬಡಿದು ತಿರುಗುವ ಜಾಗದಲ್ಲಿ ಸ್ಟ್ಯಾಂಡರ್ಡ್ ಕೆ-ಎಪ್ಸಿಲಾನ್ ಅನ್ನುವ ಟರ್ಬುಲೆನ್ಸ್ (ಗಾಳಿಯ ಸುಳಿ-ಕಲಕು) ಮಾಡೆಲ್, ನಿಜದಲ್ಲಿ ಇಲ್ಲದ ಟರ್ಬುಲೆನ್ಸ್ ಹುಟ್ಟಿಸಿಬಿಡುತ್ತದೆ, ಅದರ ಜೊತೆ ಶಾಖವೂ ಏರುತ್ತದೆ. ಎಸ್‌ಎಸ್‌ಟಿ ಕೆ-ಒಮೆಗಾ ಅನ್ನುವ ಇನ್ನೊಂದು ಟರ್ಬುಲೆನ್ಸ್ ಮಾಡೆಲ್‌ಗೆ ಬದಲಿಸಿ, ವಾಲ್ ಫಂಕ್ಷನ್ (ಮೇಲ್ಮೈಗೆ ಅಂಟಿದ ಹರಿವನ್ನು ಬಿಡಿಸದೆ ಸೂತ್ರದಿಂದ ಅಂದಾಜಿಸುವುದು) ಬಿಟ್ಟು, ಹಾಳೆಗೆ ಅಂಟಿದ ಮೊದಲ ಸೆಲ್‌ನಲ್ಲಿ ವೈ ಪ್ಲಸ್ (ಮೇಲ್ಮೈಯಿಂದ ಇರುವ ದೂರದ ಆಯಾಮವಿಲ್ಲದ ಅಳತೆ) 1ಕ್ಕಿಂತ ಕಡಿಮೆ ಇರುವಂತೆ ಮೆಶ್ (ಲೆಕ್ಕಕ್ಕಾಗಿ ಜಾಗವನ್ನು ಸೆಲ್‌ಗಳಾಗಿ ಹೋಳು ಮಾಡಿದ ಜಾಲ) ಸಣ್ಣದು ಮಾಡಿದೆ. ಈಗ ಅಳತೆಗೆ ಹತ್ತಿರ ಬಂದಿದೆ. ನಾಝಲ್ ಹಾಳೆಯಿಂದ ತನ್ನ ವ್ಯಾಸದ 2 ಪಟ್ಟು ದೂರದಲ್ಲಿದ್ದಾಗ, ನಡುವಿನಿಂದ ಸುಮಾರು 2 ವ್ಯಾಸ ಆಚೆ ನುಸೆಲ್ಟ್ ಸಂಖ್ಯೆಯಲ್ಲಿ ಎರಡನೇ ಏರು ಬರಬೇಕು ಅಲ್ವಾ, ಅದೂ ಕಾಣುತ್ತಿದೆ! ನಿಜಕ್ಕೂ ಖುಷಿಯಾಯಿತು.

ಇದೇ ಕೆಲಸ ಮಾಡುವವರಿಗೆ ಒಂದು ಮಾತು: ಹಾಳೆಯ ತಾಪಮಾನಕ್ಕೆ ಸುಮ್ನೆ ಒಂದೇ ಸಂಖ್ಯೆ ಕೊಡಬೇಡಿ. ಮೇಲ್ಮೈ ಪೂರ್ತಿ ಒದ್ದೆ ಇರುವವರೆಗೆ ಅದು ವೆಟ್ ಬಲ್ಬ್ ತಾಪಮಾನದ (ಗಾಳಿ ಬೀಸುವಾಗ ಒದ್ದೆ ಮೇಲ್ಮೈ ಆವಿಯಾಗುತ್ತಾ ತಣಿದು ನಿಲ್ಲುವ ತಾಪಮಾನ) ಹತ್ತಿರ ನಿಲ್ಲುತ್ತದೆ, ಬಂದ ಶಾಖ ನೀರನ್ನು ಆವಿ ಮಾಡಲು ಹೋಗುತ್ತದೆ. ಆಮೇಲೆ ಒಳಗಿನ ನೀರು ಮೇಲೆ ಬರುವುದೇ ನಿಧಾನ, ಆಗ ಜೆಟ್ ವೇಗ ಹೆಚ್ಚಿಸಿದರೂ ಲಾಭ ಕಡಿಮೆ. ಆ ಹಂತಕ್ಕಾಗಿ ಹಾಳೆಯೊಳಗಿನ ತೇವಾಂಶದ ಡಿಫ್ಯೂಶನ್ (ಹರಡುವಿಕೆ) ಸಮೀಕರಣವನ್ನು ಈಗ ಜೋಡಿಸುತ್ತಿದ್ದೇನೆ.