ಮಳೆ ಬಂದರೆ ಮೋಡೆಮ್ ಲಿಂಕ್ ಹೋಗುತ್ತದೆ, ಮೋಡೆಮ್ ಬದಲಿಸಬೇಕಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಹಾವೇರಿ ಕಡೆ ಒಂದು ಕುಡಿಯುವ ನೀರಿನ ಯೋಜನೆಯಲ್ಲಿ ಪಂಪ್ ಆಪರೇಟರ್. ನದಿ ದಂಡೆಯ ಜಾಕ್‌ವೆಲ್‌ನಿಂದ (ನದಿ ನೀರು ಎತ್ತುವ ಬಾವಿ) ನೀರು ಶುದ್ಧ ಮಾಡುವ ಘಟಕಕ್ಕೆ 3 ಕಿಲೋಮೀಟರ್. ನೆಲದಡಿ ಐದು ಜೋಡಿಯ ಜೆಲ್ಲಿ ಕೇಬಲ್ (ನೀರು ಹೋಗದಂತೆ ಒಳಗೆ ಜೆಲ್ಲಿ ತುಂಬಿದ್ದು) ಇದೆ, 0.5 ಮಿಲಿಮೀಟರ್ ತಾಮ್ರದ ತಂತಿ. ಒಂದು ಜೋಡಿಗೆ ಎರಡೂ ಕಡೆ ಎಸ್‌ಎಚ್‌ಡಿಎಸ್‌ಎಲ್ ಮೋಡೆಮ್ (ಟೆಲಿಫೋನ್ ತಂತಿಯ ಮೇಲೆ ಡೇಟಾ ಕಳಿಸುವುದು) ಹಾಕಿದ್ದೇವೆ. ಟ್ಯಾಂಕ್ ಲೆವೆಲ್ ಅದರ ಮೇಲೇ ಬರುತ್ತದೆ. ರಾತ್ರಿ ಮಳೆ ಬಂದರೆ ಬೆಳಿಗ್ಗೆ ಲಿಂಕ್ ದೀಪ ಮಿನುಗುತ್ತಲೇ ಇರುತ್ತದೆ, ಬಿಸಿಲು ಏರಿದ ಮೇಲೆ ತಾನಾಗಿ ನಿಲ್ಲುತ್ತದೆ. ಒಂದು ಮೋಡೆಮ್ ಬದಲಿಸಿದೆವು, ಏನೂ ಉಪಯೋಗ ಆಗಲಿಲ್ಲ. ಇನ್ನೊಂದನ್ನೂ ಬದಲಿಸಬೇಕಾ?

ಉತ್ತರ: ಈಗಲೇ ಬೇಡ. ಮಳೆ ನೋಡಿಕೊಂಡು ಬರುವ ದೋಷ ಹೆಚ್ಚಿನ ಸಲ ತಂತಿಯದ್ದು. ನಾನು ಕೇಬಲ್ ಕೆಲಸದಲ್ಲೇ ಆಯುಷ್ಯ ಕಳೆದವನು. ಚೆನ್ನಾಗಿದ್ದ ಮೋಡೆಮ್‌ಗಳನ್ನು ಸುಮ್ನೆ ಕಪಾಟಿಗೆ ಸೇರಿಸಿದ್ದನ್ನು ಬಹಳ ನೋಡಿದ್ದೇನೆ, ಬೇಸರ ಆಗುತ್ತದೆ.

ಅನುಮಾನ ತೀರಬೇಕೆಂದರೆ ಎರಡೂ ಮೋಡೆಮ್ ಒಂದೇ ಮೇಜಿನ ಮೇಲೆ ಇಡಿ. ಒಂದು ಮೀಟರ್ ಜೋಡಿ ತಂತಿಯಲ್ಲಿ ಜೋಡಿಸಿ. ಒಂದು ಎಕ್ಸ್‌ಚೇಂಜ್ ಕಡೆಯದು, ಇನ್ನೊಂದು ಗ್ರಾಹಕನ ಕಡೆಯದು ಎಂದು ಸೆಟ್ ಆಗಿರಬೇಕು, ಎರಡೂ ಒಂದೇ ಆದರೆ ಲಿಂಕ್ ಏಳುವುದಿಲ್ಲ. ಮೇಜಿನ ಮೇಲೆ ಒಂದು ಗಂಟೆ ತಪ್ಪಿಲ್ಲದೆ ಓಡಿದರೆ ಮೋಡೆಮ್ ಮಾತು ಮುಗಿಯಿತು.

ಆಮೇಲೆ ಕೇಬಲ್. ಗುಡುಗು ಇದ್ದಾಗ ಮುಟ್ಟಬೇಡಿ. ಪಕ್ಕದಲ್ಲಿ ಪವರ್ ಕೇಬಲ್ ಇದ್ದರೆ ಮೊದಲು ತಂತಿಗೂ ಅರ್ತ್‌ಗೂ ನಡುವೆ ಎಸಿ ವೋಲ್ಟೇಜ್ ನೋಡಿ. ಎರಡೂ ಕಡೆ ಮೋಡೆಮ್ ಮತ್ತು ಸಿಡಿಲು ತಡೆಯುವ ಸರ್ಜ್ ಪ್ರೊಟೆಕ್ಟರ್ ಬಿಚ್ಚಿ. ಬಿಚ್ಚದೆ ಮೆಗ್ಗರ್ (ಹೆಚ್ಚಿನ ವೋಲ್ಟೇಜ್ ಕೊಟ್ಟು ತಂತಿಯ ಸೋರಿಕೆ ಅಳೆಯುವ ಮೀಟರ್) ತಿರುಗಿಸಿದರೆ ಅಳತೆ ತಪ್ಪು ಬರುತ್ತದೆ, ಮೋಡೆಮ್ ಕೂಡ ಸುಡಬಹುದು.

ಆ ತುದಿಯಲ್ಲಿ ತಂತಿಗಳನ್ನು ಬಿಡಿಯಾಗಿ ಇಟ್ಟು, ಈ ತುದಿಯಲ್ಲಿ ತಂತಿ ತಂತಿಯ ನಡುವೆ, ಪ್ರತಿ ತಂತಿಗೂ ಅರ್ತ್‌ಗೂ ನಡುವೆ ಮೆಗ್ಗರ್ ಹಿಡಿಯಿರಿ. ಒಳ್ಳೆಯ ಜೆಲ್ಲಿ ಕೇಬಲ್ ಹತ್ತಾರು, ನೂರಾರು ಮೆಗಾಓಮ್ ತೋರಿಸಬೇಕು. 1 ಮೆಗಾಓಮ್‌ಗಿಂತ ಕೆಳಗೆ ಇಳಿದರೆ ನೀರು ಹೊಕ್ಕಿದೆ. ಮಳೆ ಬಂದ ಬೆಳಿಗ್ಗೆಯೇ ಅಳೆಯಿರಿ, ಒಣಗಿದ ಮೇಲೆ ದೋಷ ಅಡಗಿಬಿಡುತ್ತದೆ.

ಆಮೇಲೆ ಆ ತುದಿಯಲ್ಲಿ ತಂತಿಗಳನ್ನು ಸೇರಿಸಿ ಲೂಪ್ ಮಾಡಿ ಓಮ್ ಅಳೆಯಿರಿ. 0.5 ಮಿಲಿಮೀಟರ್ ತಂತಿಗೆ ಹೋಗಿ ಬರುವ ಲೆಕ್ಕದಲ್ಲಿ ಕಿಲೋಮೀಟರಿಗೆ ಸುಮಾರು 170 ಓಮ್. ನಿಮ್ಮ 3 ಕಿಲೋಮೀಟರಿಗೆ 510ರ ಆಸುಪಾಸು ಬರಬೇಕು.

ಪ್ರಶ್ನೆ: ಸರ್, ನಿನ್ನೆ ರಾತ್ರಿ ಮಳೆ ಬಂತು, ಬೆಳಿಗ್ಗೆಯೇ ಅಳೆದೆವು. ಮೇಜಿನ ಮೇಲೆ ಮೋಡೆಮ್‌ಗಳು ಸರಿ ಇವೆ. ಲೂಪ್ 690 ಓಮ್. ನಮ್ಮ ಬಿಳಿ–ನೀಲಿ ಜೋಡಿಯಲ್ಲಿ ಬಿಳಿ ತಂತಿಗೂ ಅರ್ತ್‌ಗೂ 0.2 ಮೆಗಾಓಮ್. ಹಾಗಾದರೆ ಹೊಸ ಕೇಬಲ್ ಎಳೆಯಬೇಕಾ?

ಉತ್ತರ: ಬೇಡ, ಬಿಡಿ. ದೋಷ ಒಂದೇ ತಂತಿಯಲ್ಲಿ ಇರಬೇಕು. ಯಾವುದು ಎಂದು ಲೆಕ್ಕ ಹಾಕಿ ಹಿಡಿಯಬಹುದು. ಬೇರೆ ಜೋಡಿಯಿಂದ ಒಳ್ಳೆಯ ಮೂರನೇ ತಂತಿ ತೆಗೆದುಕೊಳ್ಳಿ. ಆ ತುದಿಯಲ್ಲಿ ಮೂರನ್ನೂ ಸೇರಿಸಿ. ಈ ತುದಿಯಲ್ಲಿ ಬಿಳಿ–ನೀಲಿ, ನೀಲಿ–ಮೂರನೆಯದು, ಮೂರನೆಯದು–ಬಿಳಿ ಅಳೆಯಿರಿ. ಬಿಳಿ ಇರುವ ಎರಡು ಅಳತೆ ಕೂಡಿಸಿ, ಬಿಳಿ ಇಲ್ಲದ್ದನ್ನು ಕಳೆದು, ಅರ್ಧ ಮಾಡಿ. ಅದೇ ಬಿಳಿ ತಂತಿಯ ಓಮ್.

ಪ್ರಶ್ನೆ: 690, 512, 688 ಬಂತು ಸರ್.

ಉತ್ತರ: 690ಕ್ಕೆ 688 ಕೂಡಿಸಿ 512 ಕಳೆದರೆ 866, ಅರ್ಧ 433. ಉಳಿದೆರಡು ತಂತಿ 257, 255. ಬಿಳಿಯಲ್ಲಿ ಮಾತ್ರ 177 ಓಮ್ ಜಾಸ್ತಿ ಇದೆ. ಅದೇ ತಂತಿ ಅರ್ತ್‌ಗೂ ಸೋರುತ್ತಿದೆ. ಇದು ಜಾಯಿಂಟ್‌ನ ಕೆಲಸ. ದಾರಿಯಲ್ಲಿ ಎಲ್ಲಿ ಅಗೆದಿದ್ದರು, ನೆನಪಿದೆಯಾ?

ಪ್ರಶ್ನೆ: ಹೌದು ಸರ್! ಜಾಕ್‌ವೆಲ್‌ನಿಂದ 1.2 ಕಿಲೋಮೀಟರಲ್ಲಿ ಬೇಸಿಗೆಗೆ ಮೋರಿ ಕಟ್ಟಿದರು. ಆಗ ಕೇಬಲ್ ಕತ್ತರಿಸಿ ಮತ್ತೆ ಸೇರಿಸಿದ್ದರು. ಇವತ್ತು ಬಿಚ್ಚಿ ನೋಡಿದರೆ ತಂತಿ ಸುಮ್ನೆ ತಿರುಚಿ ಟೇಪ್ ಸುತ್ತಿದ್ದಾರೆ. ಹಸಿರು ಪಾಚಿ ಕಟ್ಟಿದೆ.

ಉತ್ತರ: ಅಲ್ಲೇ ಇತ್ತು ನೋಡಿ. ಕಪ್ಪಾದ, ಹಸಿರಾದ ತಂತಿ ಕತ್ತರಿಸಿ ಹಾಕಿ. ಹೊಳೆಯುವ ತಾಮ್ರ ಬರುವ ತನಕ ಹಿಂದೆ ಹೋಗಿ. ಜೆಲ್ಲಿ ತುಂಬಿದ ಯುವೈ ಕನೆಕ್ಟರ್‌ನಲ್ಲಿ ಒತ್ತಿ, ಮೇಲೆ ಶಾಖಕ್ಕೆ ಕುಗ್ಗುವ ಜಾಯಿಂಟ್ ಕಿಟ್ ಹಾಕಿ. ಕೇಬಲ್ಲಿನ ಲೋಹದ ಹೊದಿಕೆಯನ್ನೂ ಒಂದರಿಂದ ಒಂದಕ್ಕೆ ತಂತಿಯಿಂದ ಸೇರಿಸಲು ಮರೆಯಬೇಡಿ. ಟೆಲಿಫೋನ್ ಲೈನ್‌ನಲ್ಲಿ 48 ವೋಲ್ಟ್ ಬ್ಯಾಟರಿ ಇರುತ್ತದೆ, ಫೋನ್ ಎತ್ತಿದಾಗ ಹರಿಯುವ ಕರೆಂಟ್ ಜಾಯಿಂಟಿನ ತುಕ್ಕನ್ನು ಸ್ವಲ್ಪ ತಡೆಯುತ್ತದೆ. ನಿಮ್ಮದು ಬ್ಯಾಟರಿ ಇಲ್ಲದೆ ಬರೀ ಡೇಟಾ ಓಡುವ ಒಣ ಜೋಡಿ. ಕೆಟ್ಟ ಜಾಯಿಂಟನ್ನು ಅದು ಹೆಚ್ಚು ದಿನ ಕ್ಷಮಿಸುವುದಿಲ್ಲ.

ಪ್ರಶ್ನೆ: ಜಾಯಿಂಟ್ ಹಾಕಿದೆವು ಸರ್. ಲೂಪ್ 512, ಮೆಗ್ಗರ್ ಚೆನ್ನಾಗಿದೆ. ಆದರೆ ಪಂಪ್ ಸ್ಟಾರ್ಟ್ ಆದ ಕೂಡಲೇ ಲಿಂಕ್ ಬೀಳುತ್ತದೆ. ಮೋಡೆಮ್ ಪೇಜಿನಲ್ಲಿ ಎಸ್‌ಎನ್‌ಆರ್ ಮಾರ್ಜಿನ್ (ಗದ್ದಲ ತಡೆಯಲು ಸಿಗ್ನಲ್‌ಗೆ ಉಳಿದಿರುವ ಅಂತರ) 3 ಡಿಬಿ ಮಾತ್ರ.

ಉತ್ತರ: 6 ಡಿಬಿಯಾದರೂ ಇರಬೇಕು, 10 ದಾಟಿದರೆ ನೆಮ್ಮದಿ. ಒಂದು ಮಾತು ಕೇಳುತ್ತೇನೆ. ಐದು ಜೋಡಿಯಲ್ಲಿ ಬಿಳಿ ತಂತಿಗಳೇ ಐದು ಇವೆ, ಅಲ್ವಾ? ನಿಮ್ಮ ಬಿಳಿಯನ್ನು ಹೇಗೆ ಗುರುತಿಸಿದಿರಿ?

ಪ್ರಶ್ನೆ: ಘಟಕದ ತುದಿಯಲ್ಲಿ ಯಾವ ಬಿಳಿಗೆ ಮೀಟರಿನ ಬೀಪ್ ಬಂತೋ ಅದನ್ನೇ ಮೋಡೆಮ್‌ಗೆ ಹಾಕಿದೆವು.

ಉತ್ತರ: ದೋಷ ಅಲ್ಲೇ ಆಗಿದೆ. ಜಾಯಿಂಟಿನಲ್ಲಿ ನೀಲಿ ತಂತಿಯ ಜೊತೆಗಿನ ಬಿಳಿ, ಕಿತ್ತಳೆ ತಂತಿಯ ಜೊತೆಗಿನ ಬಿಳಿ ಅದಲು ಬದಲಾಗಿವೆ. ಬೀಪ್ ಬರುತ್ತದೆ, ಓಮ್ ಸರಿ, ಮೆಗ್ಗರ್ ಸರಿ. ಆದರೆ ಮುಂದಿನ 1.8 ಕಿಲೋಮೀಟರ್ ನಿಮ್ಮ ಎರಡು ತಂತಿ ಒಂದನ್ನೊಂದು ಹೊಸೆದುಕೊಂಡಿಲ್ಲ, ಬೇರೆ ಬೇರೆ ಸಂಗಾತಿಯ ಜೊತೆ ಹೋಗುತ್ತಿವೆ. ಹೊಸೆದಿದ್ದರೆ ಮೋಟಾರಿನ ವಿದ್ಯುತ್ ಗದ್ದಲ ಎರಡೂ ತಂತಿಗೆ ಸಮವಾಗಿ ಬಿದ್ದು ಕಳೆದುಹೋಗುತ್ತದೆ. ಈಗ ಹಾಗಾಗುತ್ತಿಲ್ಲ.

ಮೀಟರಿನಲ್ಲಿ ಕೆಪಾಸಿಟೆನ್ಸ್ (ಎರಡು ತಂತಿಯ ನಡುವೆ ಚಾರ್ಜ್ ಹಿಡಿಯುವ ಗುಣ) ಅಳೆಯಿರಿ, ಎರಡೂ ತುದಿ ಬಿಚ್ಚಿಟ್ಟು. ಟೆಲಿಫೋನ್ ಕೇಬಲ್‌ಗೆ ಕಿಲೋಮೀಟರಿಗೆ ಸುಮಾರು 52 ನ್ಯಾನೋಫ್ಯಾರಡ್. ನಿಮಗೆ 156ರ ಹತ್ತಿರ ಬರಬೇಕು. ಜೋಡಿ ತಪ್ಪಿದ್ದರೆ ಅದಕ್ಕಿಂತ ಕಡಿಮೆ ಬರುತ್ತದೆ. ತಂತಿ ಎಲ್ಲಿ ತುಂಡಾಗಿದೆ ಎಂದು ಹುಡುಕಲೂ ಇದೇ ಲೆಕ್ಕ ಸಾಕು: 78 ಬಂದರೆ ಒಂದೂವರೆ ಕಿಲೋಮೀಟರಿನಲ್ಲಿ ಕಡಿದಿದೆ.

ಇನ್ನೊಬ್ಬ ಸದಸ್ಯರು: ಸರ್, ನಮ್ಮ ಕಾರ್ಖಾನೆಯಲ್ಲಿ ಲಿಂಕ್ ದೀಪ ಗಟ್ಟಿಯಾಗಿ ಉರಿಯುತ್ತದೆ, ಡೇಟಾ ಮಾತ್ರ ಬರುವುದಿಲ್ಲ. ಇದಕ್ಕೂ ಕೇಬಲ್ ಕಾರಣವಾ?

ಉತ್ತರ: ತಪ್ಪುಗಳ ಎಣಿಕೆ ಏರುತ್ತಿಲ್ಲ ಎಂದರೆ ಕೇಬಲ್ ಬಿಟ್ಟುಬಿಡಿ. ಮೋಡೆಮ್‌ನಲ್ಲಿ ಲೂಪ್‌ಬ್ಯಾಕ್ (ಕಳಿಸಿದ ಡೇಟಾವನ್ನೇ ಹಿಂದಿರುಗಿಸುವ) ಸೌಲಭ್ಯ ಇದ್ದರೆ ಮೊದಲು ನಿಮ್ಮ ಕಡೆಯ ಮೋಡೆಮ್, ಆಮೇಲೆ ಆ ಕಡೆಯ ಮೋಡೆಮ್ ತನಕ ಕಳಿಸಿ ನೋಡಿ. ಎರಡೂ ಸರಿ ಬಂದರೆ ಆಚೆಯ ಸೀರಿಯಲ್ ತಂತಿ, ಬಾಡ್ ರೇಟ್ (ಡೇಟಾ ವೇಗ), ಎ–ಬಿ ತಂತಿ ಅದಲು ಬದಲು ಇವನ್ನೇ ನೋಡಿ.

ಪ್ರಶ್ನೆ: ಸರ್, ಕೆಪಾಸಿಟೆನ್ಸ್ 121 ಬಂದಿತ್ತು. ಜಾಯಿಂಟ್ ತೆರೆದು ಬಿಳಿ ತಂತಿ ಸರಿ ಮಾಡಿದೆವು. ಈಗ 155. ಮಾರ್ಜಿನ್ 14 ಡಿಬಿ. ಎರಡೂ ಪಂಪ್ ಸ್ಟಾರ್ಟ್ ಮಾಡಿ ನೋಡಿದೆವು, ಲಿಂಕ್ ಬೀಳಲಿಲ್ಲ. ರಾತ್ರಿ ಮಳೆ ಕೂಡ ಬಂದಿತ್ತು. ತುಂಬಾ ಥ್ಯಾಂಕ್ಸ್ ಸರ್.

ಉತ್ತರ: ಬಹಳ ಸಂತೋಷ ಆಯಿತು. 690ರ ಹಳೆ ಅಳತೆ, 512ರ ಹೊಸ ಅಳತೆ, 155 ಎಲ್ಲವನ್ನೂ ಪ್ಯಾನಲ್ ಬಾಗಿಲ ಒಳಗೆ ಬರೆದು ಅಂಟಿಸಿ. ಮೋರಿ ಪಕ್ಕ ಜಾಯಿಂಟ್ ಇರುವ ಜಾಗದಲ್ಲಿ ಒಂದು ಕಲ್ಲು ನೆಡಿ. ಮುಂದೆ ಅಗೆಯಲು ಬರುವವರಿಗೆ ಕಾಣಲಿ.