ಮರಗಳ ‘ಸಂವಹನ’, ‘ತಾಯಿಮರ’: ಬದಲಿ ಪದಗಳು ಬೇಕಾಗಿವೆ

ಎಲ್ಲರಿಗೂ ನಮಸ್ಕಾರ.

ಮಳೆ ಹಿಡಿದ ಮೇಲೆ ಕಾರ್ಕಳ ಕಡೆಯ ಒಂದು ಹೈಸ್ಕೂಲಿನ ಮಕ್ಕಳನ್ನು ಕಾಡು ತೋರಿಸಲು ಕರೆದುಕೊಂಡು ಹೋಗುವವರಿದ್ದಾರೆ. ಮಕ್ಕಳ ಕೈಗೆ ಕೊಡುವ ಪುಟ್ಟ ಬರಹವೊಂದರ ಕನ್ನಡ ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಕಾಡಿನ ಮರಗಳು ಒಂದಕ್ಕೊಂದು ಏನನ್ನು, ಹೇಗೆ ತಿಳಿಸುತ್ತವೆ ಎಂಬುದು ವಿಷಯ. ‘ಮರಗಳು ಸಂವಹನ ನಡೆಸುತ್ತವೆ’, ‘ಮರಗಳು ಮಾತಾಡಿಕೊಳ್ಳುತ್ತವೆ’, ‘ತಾಯಿಮರ ಮಕ್ಕಳಿಗೆ ಉಣಿಸುತ್ತದೆ’ ಎಂದೆಲ್ಲ ಕರಡಿನಲ್ಲಿ ಉಂಟು. ಮೂರೂ ನನಗೆ ಒಗ್ಗುತ್ತಿಲ್ಲ. ಯಾಕೆಂದು ಹೇಳಿ, ನಿಮ್ಮಲ್ಲಿರುವ ಪದಗಳನ್ನು ಕೇಳುವ ಅಂತ ಬರೆಯುತ್ತಿದ್ದೇನೆ.

‘ಸಂವಹನ’ದ ಒಂದು ತೊಡಕು ತೀರ ಸಣ್ಣದು. ಉಷ್ಣದ ಪಾಠದಲ್ಲಿ ಮಕ್ಕಳು ವಹನ, ಸಂವಹನ, ವಿಕಿರಣ ಎಂದು ಉರುಹೊಡೆದಿರುತ್ತಾರೆ. ಅಲ್ಲಿ ಸಂವಹನವೆಂದರೆ ಪಾತ್ರೆಯ ಬಿಸಿನೀರು ಮೇಲೇರಿ ತಣ್ಣೀರು ಕೆಳಗಿಳಿಯುವುದು. ಸುದ್ದಿ, ಸಂದೇಶಕ್ಕೆ ಸಂಬಂಧಪಟ್ಟ ಸಂವಹನ ಅವರಿಗೆ ಸಿಗುವುದು ಮುಂದೆ ಕಾಲೇಜಿನಲ್ಲಿ. ಇದನ್ನು ಹೇಗೂ ದಾಟಿಬಿಡಬಹುದು. ದೊಡ್ಡ ತೊಡಕು ಅರ್ಥದ್ದು. ಸಂವಹನ ಅಂದಕೂಡಲೇ ಹೇಳುವವರೊಬ್ಬರು, ಕೇಳುವವರೊಬ್ಬರು, ಹೇಳಬೇಕೆಂಬ ಮನಸ್ಸೊಂದು ಬಂದುಬಿಡುತ್ತದೆ. ‘ಮಾತಾಡಿಕೊಳ್ಳುತ್ತವೆ’ ಎಂದರಂತೂ ಕೇಳುವುದೇ ಬೇಡ.

ಆದರೆ ಗೊತ್ತಿರುವ ಸಂಗತಿ ಬೇರೆ ರೀತಿಯದು. 1983ರಲ್ಲಿ ಅಮೆರಿಕದ ಇಯಾನ್ ಬಾಲ್ಡ್‌ವಿನ್ ಮತ್ತು ಜ್ಯಾಕ್ ಶುಲ್ಟ್ಸ್ ಪಾಪ್ಲರ್, ಮೇಪಲ್ ಸಸಿಗಳನ್ನು ಮುಚ್ಚಿದ ಗೂಡಿನೊಳಗಿಟ್ಟು ಕೆಲವದರ ಎಲೆ ಹರಿದರು. ಅದೇ ಗಾಳಿಯಲ್ಲಿದ್ದ, ಹರಿಯದ ಸಸಿಗಳ ಎಲೆಗಳಲ್ಲೂ ಹುಳಕ್ಕೆ ಹಿಡಿಸದ ಒಗರಿನ ಅಂಶ ಹೆಚ್ಚಿತು. ಗಾಯವಾದ ಎಲೆಯಿಂದ ಆವಿಯಾಗಿ ಹೊರಟದ್ದು ಪಕ್ಕದ ಸಸಿಗೆ ತಾಗಿತ್ತು. ಹುಲ್ಲು ಕೊಯ್ದಾಗ ನಮ್ಮ ಮೂಗಿಗೆ ಬಡಿಯುವುದೂ ಇಂಥ ಆವಿಗಳೇ. (ಇದನ್ನು ‘ವಾಸನೆ’ ಎಂದು ಬರೆದರೆ ನಮ್ಮ ಕಡೆಯ ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಾರೆ, ಇಲ್ಲಿ ಒಳ್ಳೆಯದೆಲ್ಲ ಪರಿಮಳ, ಕೆಟ್ಟದ್ದು ಮಾತ್ರ ವಾಸನೆ. ‘ಎಲೆಯ ಕಂಪು’ ಎಂದು ತಿದ್ದಿದ್ದೇನೆ.)

ಗಾಯಗೊಂಡ ಗಿಡ ನೆರೆಯವರಿಗೆ ತಿಳಿಸಲೆಂದೇ ಕಂಪು ಬಿಟ್ಟಿತೇ? ಹಾಗೆನ್ನಲು ಆಧಾರ ಸಾಲದು. ಲೈಮಾ ಬೀನ್ಸ್, ಸೇಜ್‌ಬ್ರಷ್ ಗಿಡಗಳಲ್ಲಿ ನಡೆದ ಪ್ರಯೋಗಗಳ ಪ್ರಕಾರ, ಒಂದು ಎಲೆಯ ಕಂಪು ಅದೇ ಗಿಡದ ದೂರದ ಕೊಂಬೆಯನ್ನೂ ಎಚ್ಚರಿಸುತ್ತದೆ. ಒಳಗಿನ ರಸನಾಳಗಳ ಸುತ್ತುದಾರಿಗಿಂತ ಗಾಳಿ ಬೇಗ ಮುಟ್ಟುತ್ತದೆ. ಹಾಗಿದ್ದರೆ ಪಕ್ಕದ ಗಿಡ ಮಾಡುವುದು ಕದ್ದಾಲಿಕೆ. ಫೋನಿನ ವಿಷಯದಲ್ಲಿ ಪತ್ರಿಕೆಗಳು ಸವೆಸಿಬಿಟ್ಟ ಈ ಪದ ಇಲ್ಲಿ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ.

ಹಾಗಾಗಿ ನನ್ನ ಮೊದಲ ಸೂಚನೆ ‘ಸುಳಿವು’. ‘ಹುಲಿಯ ಸುಳಿವು ಜಿಂಕೆಗೆ ಹತ್ತಿತು’ ಎಂದರೆ ಹುಲಿ ಹೇಳಿ ಕಳಿಸಿತು ಎಂದು ಯಾರೂ ತಿಳಿಯುವುದಿಲ್ಲ. ಸುಳಿವು ಬಿಟ್ಟವನಿಗೆ ಅದರ ಅರಿವಿರಬೇಕಾಗಿಲ್ಲ, ಹಿಡಿದವನದ್ದೇ ಕೆಲಸ. ಜೀವವಿಜ್ಞಾನದಲ್ಲಿ ತಾನಾಗಿ ಹೊರಬಿದ್ದದ್ದು ಕ್ಯೂ, ತಿಳಿಸಲೆಂದೇ ಇರುವುದು ಸಿಗ್ನಲ್ ಎಂದು ಎರಡು ಮಾಡುತ್ತಾರಲ್ಲ, ಅದರಲ್ಲಿ ಕ್ಯೂಗೆ ಸುಳಿವು ಸರಿಹೋಗುತ್ತದೆ. ಸಿಗ್ನಲ್‌ಗೆ ‘ಸಂಕೇತ’ ರೂಢಿಯಲ್ಲಿದೆ, ಆದರೆ ಗಣಿತದಲ್ಲೂ ರಸಾಯನಶಾಸ್ತ್ರದಲ್ಲೂ ಅದಕ್ಕೆ ಬೇರೆ ಕೆಲಸವಿದೆ. ‘ಸನ್ನೆ’ ಆಗಬಹುದೇ? ಸಂಜ್ಞೆಯ ತದ್ಭವ, ಕಣ್ಸನ್ನೆ ಕೈಸನ್ನೆಗಳಲ್ಲಿ ಬಳಕೆಯೂ ಇದೆ, ನೋಡುವವನಿದ್ದಾನೆ ಎಂದೇ ಮಾಡುವಂಥದ್ದು. ಹುಳ ಮೇಯುತ್ತಿರುವ ಜೋಳದ ಗಿಡ ಬಿಡುವ ಕಂಪಿಗೆ, ಆ ಹುಳದೊಳಗೆ ಮೊಟ್ಟೆಯಿಡುವ ಕಣಜ ಬರುತ್ತದೆ, ಇಬ್ಬರಿಗೂ ಲಾಭ. ಅಂಥಲ್ಲಿ ಸನ್ನೆ ಎನ್ನಲು ನನ್ನ ಅಡ್ಡಿಯಿಲ್ಲ. ಗೆಳೆಯರೊಬ್ಬರು ‘ಗಾಳಿಸುದ್ದಿ’ ಎಂದು ಸೂಚಿಸಿದರು. ಚಂದವೇನೋ ಹೌದು, ಆದರೆ ಸುಳ್ಳುಸುದ್ದಿ ಎಂಬ ಅರ್ಥ ಅದಕ್ಕೆ ಗಟ್ಟಿಯಾಗಿ ಅಂಟಿಬಿಟ್ಟಿದೆ.

ಇನ್ನು ನೆಲದ ಕೆಳಗಿನ ಮಾತು. 1885ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್, ಶಿಲೀಂಧ್ರ ಮತ್ತು ಬೇರು ಎಂಬ ಎರಡು ಗ್ರೀಕ್ ಪದಗಳನ್ನು ಜೋಡಿಸಿ ‘ಮೈಕೊರೈಝಾ’ ಎಂದು ಹೆಸರಿಟ್ಟ. ಬೇರಿನ ತುದಿಗೆ ಶಿಲೀಂಧ್ರದ ಎಳೆಗಳು ಹೆಣೆದುಕೊಂಡು, ರಂಜಕ, ಸಾರಜನಕ, ನೀರು ತಂದು ಕೊಡುತ್ತವೆ. ಮರ ಪ್ರತಿಯಾಗಿ ಸಕ್ಕರೆ ಕೊಡುತ್ತದೆ. ಕನ್ನಡದಲ್ಲಿ ‘ಅಣಬೆಬೇರು’ ಎಂದರೆ ಫ್ರಾಂಕ್ ಮಾಡಿದ್ದನ್ನೇ ಮಾಡಿದಂತಾಗುತ್ತದೆ. ಕರಾವಳಿಯಲ್ಲಿ ಇದಕ್ಕೆ ಒಳ್ಳೆಯ ಸಾಕ್ಷಿಯೂ ಉಂಟು. ಮೊದಲ ಮಳೆಗೆ ಮುರಕಲ್ಲಿನ ನೆಲ ಕೆರೆದು ತೆಗೆಯುವ ಕಲ್ಲಣಬೆ, ತುಳುವಿನ ಕಲ್ಲಲಾಂಬು, ಇಂಥ ಬೇರುನಂಟಿನ ಶಿಲೀಂಧ್ರದ್ದೇ. ಧೂಪ, ಕಿರಾಲುಬೋಗಿಯ ಕುಟುಂಬದ ಮರಗಳು ಅದಕ್ಕೆ ಇಷ್ಟ. ಆ ಮರಗಳನ್ನು ಕಡಿದು ಕಲ್ಲಣಬೆಯನ್ನು ಮಾತ್ರ ಉಳಿಸಿಕೊಳ್ಳಲಾಗುವುದಿಲ್ಲ. ಮಕ್ಕಳಿಗೆ ಹೇಳಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೇ?

ಆದರೂ ‘ಅಣಬೆಬೇರು’ ಎಲ್ಲ ಕಡೆ ನಿಲ್ಲುವುದಿಲ್ಲ. ನಾವು ಅಣಬೆ ಎನ್ನುವುದು ಮೇಲೆದ್ದು ಕಾಣುವ ಕಾಯನ್ನು. ಅಡಿಕೆ, ತೆಂಗು, ಕಾಳುಮೆಣಸಿನ ಬೇರಿನೊಳಗೆ ಹೊಕ್ಕಿರುವ ಇನ್ನೊಂದು ಬಗೆಯ ಶಿಲೀಂಧ್ರಗಳು ಅಣಬೆಯನ್ನೇ ಬಿಡುವುದಿಲ್ಲ. ಕೃಷಿಕರು ಪೊಟ್ಟಣದಲ್ಲಿ ತಂದು ಹಾಕುವ ‘ವ್ಯಾಮ್’ ಎಂಬ ಜೈವಿಕ ಗೊಬ್ಬರ ಈ ಬಗೆಯದು. ‘ಶಿಲೀಂಧ್ರ’ ಎಂದರೂ ಮೂಲದಲ್ಲಿ ಅಣಬೆಯೇ. ಮೇಘದೂತದಲ್ಲಿ ಗುಡುಗಿನ ಸದ್ದಿಗೆ ನೆಲದಿಂದ ಶಿಲೀಂಧ್ರ ಏಳುವ ಮಾತಿದೆ, ನಮ್ಮಲ್ಲೂ ಸಿಡಿಲು ಗುಡುಗಿದರೆ ಅಣಬೆ ಏಳುತ್ತದೆ ಎನ್ನುತ್ತಾರೆ. ಆದರೆ ಪಾಠಪುಸ್ತಕಗಳು ಅದರ ಅರ್ಥವನ್ನು ಹಿಗ್ಗಿಸಿ ಭದ್ರಮಾಡಿವೆ. ಆದ್ದರಿಂದ ‘ಶಿಲೀಂಧ್ರ–ಬೇರು ನಂಟು’ ಎಂದು ಒಮ್ಮೆ ಬರೆದು, ಮುಂದೆ ‘ಬೇರುನಂಟು’ ಎಂದಷ್ಟೇ ಇಡುವ ಯೋಚನೆ ನನ್ನದು.

ಶಿಲೀಂಧ್ರದ ಎಳೆಗಳು ಒಂದು ಮರದ ಬೇರನ್ನು ಇನ್ನೊಂದರ ಬೇರಿಗೆ ಬೆಸೆದು ಬಲೆಯಂತಾಗುವುದೂ ಉಂಟು. 1997ರಲ್ಲಿ ಕೆನಡಾದ ಸುಝಾನ್ ಸಿಮಾರ್ಡ್ ಮತ್ತು ಸಂಗಡಿಗರು ಬರ್ಚ್ ಹಾಗೂ ಡಗ್ಲಸ್ ಫರ್ ಸಸಿಗಳಿಗೆ ಗುರುತು ಹಚ್ಚಿದ ಇಂಗಾಲ ಕೊಟ್ಟು, ಅದು ಒಂದರಿಂದ ಇನ್ನೊಂದಕ್ಕೆ ಹೋಗುವುದನ್ನು ತೋರಿಸಿದರು. ನೆರಳಿನಲ್ಲಿದ್ದ ಫರ್ ಹೆಚ್ಚು ಪಡೆಯಿತು. ನೇಚರ್ ಪತ್ರಿಕೆ ಮುಖಪುಟದಲ್ಲಿ ‘ವುಡ್ ವೈಡ್ ವೆಬ್’ ಎಂದು ಹಾಕಿತು. ಅಲ್ಲಿಂದ ಕನ್ನಡಕ್ಕೆ ‘ಕಾಡಿನ ಅಂತರ್ಜಾಲ’. ಪದ ಬಿಡಿಸಿ ನೋಡಿದರೆ ಒಳಗಿನ ಬಲೆ, ಮೂಲಕ್ಕಿಂತ ನಮ್ಮದೇ ಚೆನ್ನ. ಆದರೆ ಬೇರಿನ ವಿಷಯದ ಬರಹದಲ್ಲಿ ಒಂದು ದೀರ್ಘ ತಪ್ಪಿದರೆ ಅದು ಅಂತರ್ಜಲವಾಗುತ್ತದೆ, ಯಾರಿಗೂ ಅನುಮಾನವೂ ಬರುವುದಿಲ್ಲ! ‘ಎಳೆಬಲೆ’ ಎಂದರೆ ಹೇಗೆ?

ನನ್ನ ಗಟ್ಟಿ ತಕರಾರು ‘ತಾಯಿಮರ’ದ ಮೇಲೆ. ಸಿಮಾರ್ಡ್ ಹಳೆಯ ದೊಡ್ಡ ಮರಗಳನ್ನು ಹಾಗೆ ಕರೆದರು, ನಿಜ. ಆದರೆ ದಕ್ಷಿಣ ಕನ್ನಡ, ಉಡುಪಿಯ ತೋಟದವರಿಗೆ ತಾಯಿಮರ ದಿನಬಳಕೆಯ ಪದ: ಬೀಜದ ಅಡಿಕೆಗೋ ಬೀಜದ ತೆಂಗಿನಕಾಯಿಗೋ ಆರಿಸಿಕೊಂಡ, ಚೆನ್ನಾಗಿ ಫಲ ಕೊಡುವ ಮರ. ಆ ಮನೆಗಳ ಮಕ್ಕಳು ‘ಕಾಡಿನ ತಾಯಿಮರ’ ಓದಿದರೆ ಬೀಜಕ್ಕೆ ಇಟ್ಟ ಮರ ಎಂದೇ ತಿಳಿಯುತ್ತಾರೆ, ಅವರದ್ದು ತಪ್ಪಲ್ಲ. ಇನ್ನೊಂದು ಕಾರಣ ವಿಜ್ಞಾನದ್ದೇ. 2023ರಲ್ಲಿ ಜಸ್ಟೀನ್ ಕಾರ್ಸ್ಟ್, ಮೆಲನಿ ಜೋನ್ಸ್, ಜೇಸನ್ ಹೋಕ್ಸೆಮಾ ಈ ಕ್ಷೇತ್ರದ ಸಂಶೋಧನೆಗಳನ್ನೆಲ್ಲ ಜಾಲಾಡಿ ಬರೆದರು: ದೊಡ್ಡ ಮರಗಳು ಈ ಬಲೆಯ ಮೂಲಕ ತಮ್ಮ ಸಂತಾನಕ್ಕೇ ಹೆಚ್ಚು ಆಹಾರ ಅಥವಾ ಎಚ್ಚರಿಕೆ ಕಳಿಸುತ್ತವೆ ಎಂಬುದಕ್ಕೆ ಕಾಡಿನಲ್ಲಿ ನಡೆದ ಅಧ್ಯಯನದ ಆಧಾರವೇ ಇಲ್ಲ. ಈ ಮೆಲನಿ ಜೋನ್ಸ್ 1997ರ ಪ್ರಬಂಧದ ಲೇಖಕರಲ್ಲಿ ಒಬ್ಬರು ಎಂಬುದನ್ನು ಗಮನಿಸಬೇಕು. ಇಂಗಾಲ ದಾಟುವುದೇ ಸುಳ್ಳು ಎಂದು ಅವರು ಹೇಳಿಲ್ಲ. ಬಲೆಯ ಮೂಲಕ ಹೋಯಿತೋ ಮಣ್ಣಿನ ಮೂಲಕ ಹೋಯಿತೋ, ಸಸಿಗೆ ಅದರಿಂದ ಉಪಯೋಗವಾಯಿತೋ ಎಂಬುದನ್ನು ಬಯಲಿನ ಪ್ರಯೋಗಗಳು ಇನ್ನೂ ಖಚಿತವಾಗಿ ಬಿಡಿಸಿಲ್ಲ ಎಂಬುದು ಅವರ ಮಾತು. ಹೀಗಿರುವಾಗ ‘ಉಣಿಸುತ್ತದೆ’ ಎಂಬ ಕ್ರಿಯಾಪದವನ್ನು ಮಕ್ಕಳ ಬರಹದಲ್ಲಿ ಬಿಡುವುದು ನನಗೆ ಸರಿಕಾಣುವುದಿಲ್ಲ. ‘ಹಿರಿಮರದ ಕಡೆಯಿಂದ ಇಂಗಾಲ ಸಸಿಗೆ ಸೇರುವುದುಂಟು’ ಎಂದು ಬರೆದಿದ್ದೇನೆ. ಸಪ್ಪೆಯಾಯಿತು ಎಂದು ಆ ಹೈಸ್ಕೂಲಿನ ಮೇಷ್ಟ್ರ ದೂರು.

ಈಗ ಕೇಳಬೇಕಾದ್ದು. ಸುಳಿವು–ಸನ್ನೆ ಜೋಡಿಯನ್ನು ಯಾರಾದರೂ ಈ ಅರ್ಥದಲ್ಲಿ ಈಗಾಗಲೇ ಬಳಸಿದ್ದಾರೆಯೇ? ‘ಹಿರಿಮರ’ಕ್ಕಿಂತ ಜೀವಂತವಾದ ಪದವೊಂದು ಕುಂದಗನ್ನಡದಲ್ಲೋ ಹವ್ಯಕದಲ್ಲೋ ಉಂಟೇ? ಗೋವಿಂದ ಪೈ ಸಂಶೋಧನ ಕೇಂದ್ರದ ತುಳು ನಿಘಂಟು ಮನೆಯಲ್ಲಿರುವವರು ಅಲಾಂಬುವಿನ ಸುತ್ತಮುತ್ತ ಒಮ್ಮೆ ಕಣ್ಣಾಡಿಸಿ: ನೆಲದೊಳಗೆ ಹರಡಿದ ಬಿಳಿ ಎಳೆಗೆ ಬೇರೆಯೇ ಹೆಸರಿದ್ದರೆ ‘ಎಳೆಬಲೆ’ಯನ್ನು ತೆಗೆದು ಅದನ್ನೇ ಹಾಕುತ್ತೇನೆ. ಮಕ್ಕಳಲ್ಲಿ ಮುಕ್ಕಾಲು ಪಾಲು ಮನೆಯಲ್ಲಿ ತುಳು ಆಡುವವರು.