ಬೋರ್ಡ್ ಬರೀತಿದ್ದ ಅಪ್ಪಾಜಿಯ ಪುಣ್ಯಸ್ಮರಣೆಗೆ ಫ್ಲೆಕ್ಸ್ ಹಾಕಿಸೋದಾ?

ಪೇಂಟರ್ ಮಗಳು, ದಾವಣಗೆರೆ:

ನಮ್ಮ ಅಪ್ಪಾಜಿ ತೀರಿಕೊಂಡು ಈ ಕಾರ್ತೀಕಕ್ಕೆ ವರ್ಷ ಆಗ್ತದೆ. ಪಾರ್ಕಿನ್ಸನ್ ಇತ್ತು. ಕೊನೆಕೊನೆಗೆ ನುಂಗೋದೇ ಕಷ್ಟ ಆಗಿ, ಗಂಜಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಯ್ತು. ಪುಣ್ಯಸ್ಮರಣೆಗೆ ಸರ್ಕಲ್‌ನಲ್ಲಿ ಫ್ಲೆಕ್ಸ್ ಹಾಕಿಸ್ತೀನಿ ಅಂತ ಅಣ್ಣ ಡಿಸೈನ್ ಕಳ್ಸಿದಾನೆ. ಮೋಡದ ನಡುವೆ ಅಪ್ಪಾಜಿ, ಎರಡೂ ಕಡೆ ದೀಪ, ಕೆಳಗೆ ಸಾಲಾಗಿ ನಮ್ಮೆಲ್ಲರ ಮುಖ. ಅವನ ಮೇಲೆ ಸಿಟ್ಟಿಲ್ಲ, ಎಲ್ಲರೂ ಮಾಡೋದೇ ಅದು. ಆದ್ರೆ ಅಪ್ಪಾಜಿ ಬೋರ್ಡ್ ಬರೀತಿದ್ದ ಪೇಂಟರ್. ಫ್ಲೆಕ್ಸ್ ಬಂದಮೇಲೇ ಅವರ ಕೆಲಸ ನಿಂತಿದ್ದು!

ಮಂಡಿಪೇಟೆಯಿಂದ ಹಿಡಿದು ಪಿ.ಬಿ. ರಸ್ತೆವರೆಗೆ ಒಂದು ಕಾಲಕ್ಕೆ ಎಷ್ಟೋ ಅಂಗಡಿ ಮೇಲೆ ಅವರ ಕೈಬರಹ ಇತ್ತು. ತಗಡಿಗೆ ಮೊದಲು ರೆಡ್ ಆಕ್ಸೈಡ್, ಅದು ಒಣಗಿದ ಮೇಲೆ ಎನಾಮಲ್ ಬಣ್ಣ. ಕನ್ನಡ ಬರೆಯೋದು ಇಂಗ್ಲಿಷಿಗಿಂತ ಕಷ್ಟ ಅನ್ನೋರು, ಯಾಕಂದ್ರೆ ಸಾಲಿನ ಕೆಳಗೆ ಒತ್ತಕ್ಷರಕ್ಕೆ ಮೊದಲೇ ಜಾಗ ಬಿಟ್ಟಿರಬೇಕು. ‘ಕ್ಲಾತ್ ಸ್ಟೋರ್ಸ್’ ಅಂತ ಬರೆಸಿದ ಸಾಹುಕಾರರೊಬ್ಬರು ಒತ್ತಿಗೆಲ್ಲ ದುಡ್ಡು ಕೊಡಲ್ಲ, ಅದು ಅಕ್ಷರ ಅಲ್ಲ ಅಂತ ಜಗಳ ತೆಗೆದಿದ್ರಂತೆ. ಹಾಗಾದ್ರೆ ಒತ್ತು ಬಿಟ್ಟೇ ಬರೀತೀನಿ, ‘ಕಾತ್ ಸೋರ್’ ಅಂತ ಓದ್ಕೊಳ್ಳಿ ಅಂದ್ರಂತೆ ಅಪ್ಪಾಜಿ. ಪೂರ್ತಿ ದುಡ್ಡು ಬಂತು.

ನನ್ನ ಮಗನಿಗೆ ಈಗ ಹನ್ನೊಂದು. ಅವನು ಕಂಡಿದ್ದು ಮಂಚದ ಮೇಲಿನ ತಾತನ್ನ. ಮುಖದಲ್ಲಿ ನಗು ಮೂಡ್ತಿರಲಿಲ್ಲ, ದನಿ ಪಕ್ಕದ ರೂಮಿಗೂ ಕೇಳ್ತಿರಲಿಲ್ಲ. ನನಗೂ ಕಣ್ಮುಚ್ಚಿದರೆ ಅದೇ ಮುಂದೆ ಬರ್ತದೆ. ಅದಕ್ಕೆ ಅವರು ಬರೆದ ಬೋರ್ಡ್‌ಗಳ ಫೋಟೊ ಸೇರಿಸಿ ಒಂದು ಸಣ್ಣ ಪುಸ್ತಕ ಮಾಡಿ, ಬಂದವರಿಗೆ ಕೊಡೋಣ ಅಂತ. ಊರೆಲ್ಲ ಸುತ್ತಿದರೂ ಏನೂ ಉಳಿದಿಲ್ಲ. ಎಲ್ಲಿ ಹುಡುಕಲಿ? ಇನ್ನೊಂದು ಮಾತು, ಪುಸ್ತಕದಲ್ಲಿ ಕಾಯಿಲೆ ವಿಷಯ ಬೇಡವೇ ಬೇಡ ಅಂತ ಅವ್ವ ಹೇಳ್ತಿದಾಳೆ. ನೀವೇನಂತೀರಿ?

ಹರಪನಹಳ್ಳಿ ಮೇಷ್ಟ್ರು:

ತಂಗಿ, ಪೇಟೆಯಲ್ಲಿ ಹುಡುಕಬೇಡಮ್ಮ. ಅಂಗಡಿಯವರು ಎರಡು ವರ್ಷಕ್ಕೊಮ್ಮೆ ಬೋರ್ಡ್ ಬದಲಾಯಿಸ್ತಾರೆ. ಸರ್ಕಾರಿ ಶಾಲೆಗಳಿಗೆ ಹೋಗು. ಅಲ್ಲಿ ಗೋಡೆಗೆ ಸುಣ್ಣ ಬಳಿಯೋಕೇ ಅನುದಾನ ಇರಲ್ಲ, ಹೆಸರು ಅಳಿಸೋರು ಯಾರು?

1997ರ ಆಗಸ್ಟ್‌ನಲ್ಲಿ ದಾವಣಗೆರೆ ಜಿಲ್ಲೆ ಆದಾಗ ಸುತ್ತಲ ತಾಲೂಕುಗಳಲ್ಲೆಲ್ಲ ಶಾಲೆ, ಪಂಚಾಯ್ತಿ, ಆಸ್ಪತ್ರೆ ಬೋರ್ಡ್‌ಗಳಲ್ಲಿ ಜಿಲ್ಲೆಯ ಹೆಸರು ತಿದ್ದಬೇಕಾಯ್ತು. ಜಗಳೂರಿನಲ್ಲಿ ಚಿತ್ರದುರ್ಗ ಹೋಗಿ ದಾವಣಗೆರೆ, ಚನ್ನಗಿರಿಯಲ್ಲಿ ಶಿವಮೊಗ್ಗ ಹೋಗಿ ದಾವಣಗೆರೆ. ಪೇಂಟರುಗಳಿಗೆ ಅದೇ ಸುಗ್ಗಿ. ನಮ್ಮ ಹರಪನಹಳ್ಳಿ ಕಥೆ ಇನ್ನೂ ಚೆಂದ: ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ನಾನು ಪಾಠ ಮಾಡಿದ ಶಾಲೆಯಲ್ಲಿ ಕೆಳಗಿನ ಜಿಲ್ಲೆ ಸಾಲನ್ನಷ್ಟೇ ಪ್ರತಿ ಸಲ ಬಳಿದು ಬರೆಸಿದ್ದಾರೆ. ಮೇಲೆ ಶಾಲೆಯ ಹೆಸರು ಹಳೇ ಕೈಯದ್ದೇ. ದಾವಣಗೆರೆಯಿಂದ ಪೇಂಟರ್ ಒಬ್ಬರು ಸೈಕಲ್ಲನ್ನ ಬಸ್ಸಿನ ಮೇಲೆ ಹಾಕ್ಕೊಂಡು ಬಂದಿದ್ದು ನೆನಪಿದೆ. ನಿಮ್ಮ ತಂದೆಯವರೇ ಅಂತ ಹೇಳಲಾರೆ. ಮೂಲೆಯಲ್ಲಿ ಗುರುತು ಹಾಕ್ತಿದ್ರಾ?

ಇನ್ನೊಂದು, ಹಳ್ಳಿ ಗೋಡೆಗಳ ಮೇಲೆ ಕೆಂಪು ತ್ರಿಕೋನದ ಕುಟುಂಬ ಯೋಜನೆ ಬರಹ ಇರ್ತಿದ್ದವು. ಬಣ್ಣ ಮಾಸಿದ ಗೋಡೆಗೆ ನೀರು ಎರಚಿ ನೋಡು, ಒದ್ದೆ ಇರೋ ಹೊತ್ತು ಅಕ್ಷರ ಎದ್ದು ಕಾಣ್ತವೆ. ಫೋಟೊ ಆಗಲೇ ತೆಗಿ.

ನೀಲಾ ಸಾಗರ:

ಹಳೇ ಮದುವೆ ಆಲ್ಬಮ್‌ಗಳನ್ನ ನೋಡಿ. ದಿಬ್ಬಣ ಪೇಟೆಯಲ್ಲಿ ಹೋಗ್ತಿರೋ ಫೋಟೊಗಳಲ್ಲಿ ಹಿಂದೆ ಅಂಗಡಿ ಬೋರ್ಡ್ ಇದ್ದೇ ಇರ್ತದೆ.

ಎರಡನೇ ಪ್ರಶ್ನೆಗೆ: ನಿಮ್ಮ ತಾಯಿ ಬೇಡ ಅಂದಿದ್ದಕ್ಕೆ ಅವರದೇ ಕಾರಣ ಇರ್ತದೆ. ಅಷ್ಟು ವರ್ಷ ಹೊತ್ತೊತ್ತಿಗೆ ಮಾತ್ರೆ ಕೊಟ್ಟು, ರಾತ್ರಿ ಎದ್ದು ಮಗ್ಗಲು ಬದಲಿಸಿದ್ದು ಅವರು. ನಮ್ಮ ಅಕ್ಕ ಕ್ಯಾನ್ಸರ್‌ನಿಂದ ಹೋದಾಗ ನಾವು ನೆನಪಿನ ಪುಸ್ತಕದಲ್ಲಿ ಬರೀ ಒಳ್ಳೇ ದಿನ ಹಾಕಿದ್ವಿ. ಓದಿದ ಭಾವ, ‘ಇದರಲ್ಲಿ ನಾನೆಲ್ಲಿದೀನಿ?’ ಅಂತ ಕೇಳಿದ್ರು. ಮೂರು ವರ್ಷ ಅಡುಗೆ ಕಲಿತು ಅವಳಿಗೆ ಉಣಿಸಿದ ಮನುಷ್ಯ. ತಾಯಿಯನ್ನ ಕೂರಿಸಿಕೊಂಡು ಒಮ್ಮೆ ಕೇಳಿ. ನೀವೇ ಮುಂಚೆ ನಿರ್ಧಾರ ಮಾಡಬೇಡಿ.

ಫ್ಲೆಕ್ಸ್ ವಿಷಯಕ್ಕೆ ಅಣ್ಣನ ಜೊತೆ ಜಗಳ ಆಡಬೇಡಿ ಮಾರಾಯ್ರೆ.

ಫಿಸಿಯೋ, ಹುಬ್ಬಳ್ಳಿ:

ಪಾರ್ಕಿನ್ಸನ್ ಇದ್ದವರಿಗೆ ಕೈಬರಹ ಸಣ್ಣದಾಗ್ತಾ ಹೋಗ್ತದ. ಸಾಲಿನ ಮೊದಲು ದೊಡ್ಡದಿದ್ದ ಅಕ್ಷರ ಕೊನೆಗೆ ಬರೋದ್ರಾಗ ಇರುವೆ ಸಾಲು. ಮಿದುಳಿನಾಗ ಡೋಪಮೈನ್ ಕಮ್ಮಿ ಆಗಿ ಹಿಂಗ ಆಗೋದು. ಗೆರೆ ಹಾಕಿದ ಕಾಗದ ಕೊಟ್ರ ಮತ್ತ ದೊಡ್ಡದಾಗಿ ಬರೀತಾರ. ನಡಿಯೋವಾಗ ಕಾಲು ನೆಲಕ್ಕ ಅಂಟಿದಂಗ ನಿಂತುಬಿಡೋರಿಗೂ ಅಡ್ಡಗೆರೆ ಸಹಾಯ ಮಾಡ್ತದ. ನೆಲಕ್ಕ ಟೇಪ್ ಹಚ್ಚಿ, ದಾಟ್ರಿ ಅಂತೀವಿ. ನಿಮ್ಮ ತಂದೆಯವರು ಗೆರೆ ಎಳದೇ ಬದುಕಿದವರು. ಅವರಿಗೆ ಇದನ್ನ ಮಾಡಿಸಿದ್ರೇನ್ರಿ?

ಪೇಂಟರ್ ಮಗಳು, ದಾವಣಗೆರೆ:

ಎಲ್ಲರಿಗೂ ಒಂದೇ ಕಡೆ ಉತ್ತರಿಸ್ತೀನಿ.

ಮೇಷ್ಟ್ರೇ, ಗುರುತು ಇತ್ತು. ಬಲಗಡೆ ಕೆಳಮೂಲೆಯಲ್ಲಿ ಕಡಲೆಕಾಳಿನಷ್ಟು ಒಂದು ಕುಂಚ. ಸೈಕಲ್ಲನ್ನ ಬಸ್ಸಿಗೆ ಏರಿಸ್ತಿದ್ದದ್ದೂ ನಿಜ, ಹ್ಯಾಂಡಲ್‌ಗೆ ಟರ್ಪೆಂಟೈನ್ ಡಬ್ಬಿ ಕಟ್ಟಿರೋರು. ಅಂದಹಾಗೆ ಕೈ ನಡುಗೋಕೆ ಎಷ್ಟೋ ವರ್ಷ ಮೊದಲೇ ಅವರಿಗೆ ಆ ಟರ್ಪೆಂಟೈನ್ ವಾಸನೆ ಬರೋದು ನಿಂತಿತ್ತು. ಪಾರ್ಕಿನ್ಸನ್‌ನಲ್ಲಿ ಮೂಗು ಮೊದಲು ಹೋಗೋದುಂಟು ಅಂತ ಡಾಕ್ಟರು ಆಮೇಲೆ ಹೇಳಿದ್ರು. ಪೇಂಟರಿಗೆ ವಾಸನೆ ಬರದಿದ್ದರೆ ಯಾರು ಚಿಂತೆ ಮಾಡ್ತಾರೆ?

ಫಿಸಿಯೋ ಅವರೇ, ಇಲ್ಲಿಯವರೂ ಟೇಪ್ ಹಚ್ಚೋಕೆ ಹೇಳಿದ್ರು. ಅಪ್ಪಾಜಿ ಒಪ್ಪಲಿಲ್ಲ. ಟೇಪ್ ಸೊಟ್ಟ ಹಚ್ತೀರಿ ಅಂದ್ರು. ಹಳೇ ಪೆಟ್ಟಿಗೆಯಿಂದ ದಾರ ತೆಗೆಸಿ, ನೀಲಿ ಪುಡಿ ಸವರಿ, ಒಂದು ತುದಿ ತಾವು ಒತ್ತಿ ಹಿಡಿದು, ಇನ್ನೊಂದು ತುದಿ ಹಿಡಿಯೋಕೆ ನನ್ನ ಮಗನ್ನ ಕೂರಿಸಿದ್ರು. ನಡುವೆ ಮೀಟಿದರೆ ನೆಲದ ಮೇಲೆ ಗೆರೆ. ಮಂಚದಿಂದ ಬಚ್ಚಲವರೆಗೆ ಅಡ್ಡಡ್ಡ ಹಾಗೇ ಹಾಕಿದ್ರು. ಅವ್ವ ನೆಲ ಒರೆಸಿದಾಗೆಲ್ಲ ಅಳಿಸಿಹೋಗೋದು, ಅಜ್ಜ ಮೊಮ್ಮಗ ಮತ್ತೆ ಕೂರೋರು. ನೆಲ ಒರೆಸಬೇಡ ಅಂತ ಅವರು, ಮನೆ ನೀಲಿ ಮಾಡಿದ್ರಿ ಅಂತ ಇವಳು. ನಿಮ್ಮ ಉತ್ತರ ಓದಿ ಹೇಳಿದ್ದಕ್ಕೆ ಮಗ, ‘ದಾರ ಬಿಗಿ ಹಿಡೀದಿದ್ರೆ ತಾತ ಬೈತಿದ್ರು’ ಅಂದ. ಅವನಿಗೆ ಅವರ ಬೈಗುಳವೂ ನೆನಪಿದೆ, ಇಲ್ಲಿ ಬರೆಯೋ ಹಾಗಿಲ್ಲ.

ನೀಲಾ ಅವರೇ, ಅವ್ವನ್ನ ಕೇಳಿದೆ. ಆಸ್ಪತ್ರೆ, ಮೂಗಿನ ನಳಿಗೆ ಯಾವುದೂ ಬೇಡ, ನೀಲಿ ನೆಲ ಹಾಕು ಅಂದಳು. ಕೊನೆಗೆ ಬರೆದ ಕಾಗದವನ್ನೂ ಅವಳೇ ತಂದುಕೊಟ್ಟಳು. ಹಾಲಿನವರ ಲೆಕ್ಕ ಅದು. ಮೊದಲ ಸಾಲು ಅಂಗಡಿ ಬೋರ್ಡಿನ ಗತ್ತಿನಲ್ಲಿದೆ, ಐದನೇ ಸಾಲಿಗೆ ಭೂತಗನ್ನಡಿ ಬೇಕು. ಅದನ್ನ ಇದ್ದಷ್ಟೇ ಅಳತೆಯಲ್ಲಿ ಅಚ್ಚು ಹಾಕಿಸ್ತೀನಿ, ದೊಡ್ಡದು ಮಾಡಲ್ಲ.

ಮೇಷ್ಟ್ರೇ, ಶನಿವಾರ ಬೆಳಗಿನ ಶಾಲೆ ತಾನೆ? ಬಿಟ್ಟ ಮೇಲೆ ಬರ್ತೀವಿ. ಅಣ್ಣನೂ ಬರ್ತಾನಂತೆ, ಕಾರು ಅವನದೇ. ಏಣಿ ಬೇಕಾಗ್ತದಾ, ಅಥವಾ ನೆಲದಿಂದಲೇ ಮೂಲೆ ಕಾಣ್ತದಾ ತಿಳಿಸಿ.